ಬೆನ್ನು ತಿರುಗಿಸಿ ಕೂತವರು

ಸವಣೂರಿನ ನಮ್ಮ ವೀಳ್ಯದೆಲೆ ಅಂಗಡಿಯ ಗಾದಿಯ ಮೇಲೆ ನಾನು ಕೂತು ಹತ್ತು ವರ್ಷಗಳಾದವು. ಅಲ್ಲಿ ಕೂಡುವ ಯೋಗ್ಯತೆ ನನಗೆ ಬಂದಿದೆಯೆಂದು ಹೇಳಿದವರು ನನ್ನ ತಂದೆಯಲ್ಲ, ಹಿರೇಕೆರೂರಿನ ಒಬ್ಬ ಹತ್ತಿ ವ್ಯಾಪಾರಿ. ಅವರು ಹಾಗೆ ಹೇಳಲು ಕಾರಣವಾದ ಒಂದು ವಾರದ ಸಂಗತಿಯನ್ನು ನಾನು ಹಲವರ ಮುಂದೆ ಹೇಳಿದ್ದೇನೆ. ಹೇಳುತ್ತ ಹೇಳುತ್ತ ಅದು ನುಣುಪಾಗಿದೆ. ಈಗ ಆ ವರ್ಷದ ದಿನಚರಿಯನ್ನು ಪಕ್ಕದಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ನೆನಪು ಒಂದು ಹೇಳಿ ದಿನಚರಿ ಇನ್ನೊಂದು ಹೇಳಿದರೆ ಎರಡನ್ನೂ ಬರೆಯುತ್ತೇನೆ.

ಆಗ ನಮ್ಮ ಕಡೆಯ ವ್ಯಾಪಾರಸ್ಥರಲ್ಲಿ ಒಂದು ಪದ್ಧತಿ ಇತ್ತು. ಮುಂದೆ ಯಜಮಾನನಾಗಬೇಕಾದವನನ್ನು ಸ್ವಂತ ಅಂಗಡಿಯಲ್ಲಿ ತಯಾರು ಮಾಡುತ್ತಿರಲಿಲ್ಲ. ಅಲ್ಲಿ ಆಳುಗಳೆಲ್ಲ ಅವನನ್ನು ಧಣಿ ಎಂದೇ ಕರೆಯುತ್ತಾರೆ, ಅವನ ತಪ್ಪನ್ನು ಯಾರೂ ತಪ್ಪು ಎನ್ನುವುದಿಲ್ಲ. ಆದ್ದರಿಂದ ಬೇರೆ ಊರಿನ, ಬೇರೆ ಮಾಲಿನ ಅಂಗಡಿಯಲ್ಲಿ ಒಂದು ವರ್ಷ ಬಿಡುತ್ತಿದ್ದರು. ವರ್ಷದ ಕೊನೆಗೆ ಆ ಅಂಗಡಿಯವರು ತಂದೆಗೆ ಒಂದು ಮಾತು ಹೇಳುತ್ತಿದ್ದರು. ಆ ಮಾತನ್ನು ಮೀರಿ ಗಾದಿ ಕೊಟ್ಟವರನ್ನು ನಾನು ಕಾಣೆ.

ಪುಣೆಯಲ್ಲಿ ಅರ್ಥಶಾಸ್ತ್ರ ಓದಿ ಬಿ.ಎ. ಮಾಡಿಕೊಂಡು ಬಂದ ನನ್ನನ್ನು ತಂದೆ ಹಿರೇಕೆರೂರಿಗೆ ಕಳಿಸಿದರು. ನಾನು ಸ್ವಲ್ಪ ವಾದ ಮಾಡಿದೆ. ಎಲೆಯ ವ್ಯಾಪಾರಕ್ಕೂ ಹತ್ತಿಯ ವ್ಯಾಪಾರಕ್ಕೂ ಏನು ಸಂಬಂಧವೆಂದು ಕೇಳಿದೆ.

"ಎಲಿ ಸಂಜೀತನಕ ತಡಿಯೂದಿಲ್ಲ, ಅದಕ್ಕ ನಾವು ಎಲಿಯವರು ಎಲ್ಲಾದಕ್ಕೂ ಅವಸರ ಮಾಡ್ತೇವಿ" ಎಂದರು ತಂದೆ. "ಹತ್ತಿಯವರ ಕಡೆ ಹೋಗಿ ಒಂದ ವರ್ಷ ತಡಕೊಂಡು ಕುಂದರೂದು ಕಲ್ತು ಬಾ. ಅವರು ಆಗೂದಿಲ್ಲ ಅಂದ್ರ ಗಾದಿ ನಿಮ್ಮ ಭಾವಗ ಹೊಕ್ಕೈತಿ. ನೀ ಹಾನಗಲ್ಲಿನ ಸಾಲ್ಯಾಗ ಮಾಸ್ತರ ಆಗು."

ಭಾವ ಎಂದರೆ ಅಕ್ಕನ ಗಂಡ. ಅವರು ಆಗಲೇ ಎಂಟು ವರ್ಷದಿಂದ ಅಂಗಡಿಯಲ್ಲಿದ್ದರು. ಎಲೆಯ ಬುಟ್ಟಿಯ ಮೇಲೆ ಕೈಯಿಟ್ಟು ಒಳಗೆ ಎಷ್ಟು ಎಲೆ ಕೊಳೆತಿದೆ ಎಂದು ಹೇಳಬಲ್ಲವರು. ತಂದೆಯ ಮಾತು ಕೇಳಿ ಅವರು ತಲೆಯೆತ್ತಲಿಲ್ಲ ಎಂದು ನನ್ನ ನೆನಪು. ಅವರು ಆಗ ಅಲ್ಲಿ ಇರಲೇ ಇಲ್ಲವೆಂದು ಅಕ್ಕ ಹೇಳುತ್ತಾಳೆ.

ಹಿರೇಕೆರೂರಿನ ಯಜಮಾನರನ್ನು ನಾನು ಕಾಕಾ ಎಂದು ಕರೆಯುತ್ತಿದ್ದೆ. ಅವರು ನನ್ನನ್ನು ತಮ್ಮಾ ಎನ್ನುತ್ತಿದ್ದರು. ಮೊದಲ ಮೂರು ತಿಂಗಳು ಅಂಗಡಿಯಲ್ಲಿ ನಾನು ಬಾಯಿ ತೆರೆಯುವಂತಿರಲಿಲ್ಲ. ಹೊಸ್ತಿಲ ಒಳಗೆ ಗೋಡೆಗೆ ಒರಗಿ ಕೂತು ನೋಡಬೇಕು. ಅಂಗಡಿ ಮುಚ್ಚುವ ಹೊತ್ತಿಗೆ ಅವರು ಒಂದೇ ಪ್ರಶ್ನೆ ಕೇಳುತ್ತಿದ್ದರು.

"ಇವತ್ತ ಅಬಲೂರ ಕಡೇಲಿಂದ ಒಬ್ಬ ಮುದುಕ ಬಂದಿದ್ನಲ್ಲ, ಅವಗ ಏನ ಬೇಕಾಗಿತ್ತು?"

"ಹತ್ತಿ ಮಾರೂದಿತ್ತು ಕಾಕಾ."

"ಅದನ್ನ ಅವನ ಎತ್ತೂ ಹೇಳತೈತಿ. ನೀ ಬಿ.ಎ. ಆದವ, ಎತ್ತಿಗಿಂತ ಒಂದು ಮಾತು ಜಾಸ್ತಿ ಹೇಳು."

ಆ ಮುದುಕನಿಗೆ ಬೇಕಾಗಿದ್ದದ್ದು ತಾನು ಬೆಳೆದ ಹತ್ತಿಯನ್ನು ಯಾರಾದರೂ ಕೈಯಲ್ಲಿ ಹಿಡಿದು ಎಳೆ ಬಿಡಿಸಿ ನೋಡಿ ಚಲೋ ಐತಿ ಎನ್ನುವುದು. ಕಾಕಾ ಅದನ್ನು ಮಾಡಿದ್ದರು. ನಾನು ನೋಡಿಯೂ ನೋಡಿರಲಿಲ್ಲ. ಇಂಥವು ದಿನಚರಿಯಲ್ಲಿ ಸುಮಾರು ನಲವತ್ತಿವೆ. ಮೊದಲಿನ ಮೂವತ್ತರಲ್ಲಿ ನನ್ನ ಉತ್ತರ ತಪ್ಪು. ಕೊನೆಯ ಹತ್ತರಲ್ಲಿ ಉತ್ತರ ಸರಿಯಿದೆ. ಆದರೆ ಕಾಕಾ ಬೇಜಾರಾಗಿ ಸರಿಯೆಂದು ಬಿಟ್ಟರೋ ಏನೋ, ಬರವಣಿಗೆಯಿಂದ ತಿಳಿಯುವುದಿಲ್ಲ.

ಆಮೇಲಿನ ಏಳು ತಿಂಗಳು ಗಾಡಿಗಳ ಜೊತೆ ತಿರುಗಾಟ. ಹಾನಗಲ್ಲಿನ ಸಂತೆ, ಶಿಗ್ಗಾಂವಿಯ ಸಂತೆ. ಗಾಡಿಯವರು ನನ್ನನ್ನು ಬಿ.ಎ. ಸಾಹೇಬರು ಎಂದು ಕರೆದು, ಏರು ಬಂದಲ್ಲಿ ಕೆಳಗಿಳಿಸಿ ತಳ್ಳಲು ಹಚ್ಚುತ್ತಿದ್ದರು. "ತಳ್ಳೂದಕ್ಕ ಯಾವ ಪುಸ್ತಕ ಐತ್ರಿ ಸಾಹೇಬ್ರ?" ಎಂದು ಒಬ್ಬ ಕೇಳಿದ್ದು ದಿನಚರಿಯಲ್ಲಿದೆ. ಅದಕ್ಕೆ ನಾನು ಏನೆಂದೆ ಎಂಬುದಿಲ್ಲ.

ಹತ್ತಿಯ ಸುಗ್ಗಿ ಶುರುವಾದ ಮೇಲೆ ಕಾಕಾ ನನ್ನನ್ನು ಗಾದಿಯ ಮೇಲೆ ಕೂಡಿಸಿದರು. ವಾರಕ್ಕೆ ಒಂದೇ ದಿನ, ಅದೂ ಎಲ್ಲಕ್ಕಿಂತ ಕಷ್ಟದ ಸಂತೆಯ ದಿನ. ಅಂದು ಅವರು ಮನೆಯಲ್ಲಿಯೂ ಉಳಿಯುತ್ತಿರಲಿಲ್ಲ, ಅಂಗಡಿಗೂ ಬರುತ್ತಿರಲಿಲ್ಲ. ಎದುರಿಗೆ ರಸ್ತೆಯ ಆಚೆ ಒಂದು ಅರಿವೆ ಅಂಗಡಿ ಇತ್ತು. ಅದರ ಕಟ್ಟೆಯ ಮೇಲೆ ಒಂದು ಕುರ್ಚಿ ಹಾಕಿಸಿಕೊಂಡು, ತಮ್ಮ ಅಂಗಡಿಗೆ ಬೆನ್ನು ಮಾಡಿ, ಬಟ್ಟೆಯ ತಾನುಗಳನ್ನು ನೋಡುತ್ತ ಕೂಡುತ್ತಿದ್ದರು. ಎಲ್ಲರಿಗೂ ಕಾಣಬೇಕು, ಆದರೆ ಯಾರಿಗೂ ಅವರ ಮುಖ ಸಿಗಬಾರದು. ಯಾರಾದರೂ ಅಲ್ಲಿಗೇ ಹೋಗಿ ಏನಾದರೂ ಕೇಳಿದರೆ, ತಿರುಗದೆಯೇ ಹೆಬ್ಬೆರಳನ್ನು ಭುಜದ ಮೇಲಿಂದ ಹಿಂದಕ್ಕೆ ತೋರಿಸಿ, "ಗಾದಿ ಮ್ಯಾಲೆ ಕುಂತಾರಲ್ಲ, ಅವರನ್ನ ಕೇಳ್ರಿ" ಎನ್ನುತ್ತಿದ್ದರು. ಆ ಒಂದು ದಿನ ನನ್ನನ್ನೂ ಬಹುವಚನದಲ್ಲಿಯೇ ಕರೆಯುತ್ತಿದ್ದರು.

ಅಂಗಡಿಯ ತೂಕದವರು ಒಬ್ಬ ವಯಸ್ಸಾದ ಮುಸಲ್ಮಾನರು. ಎಲ್ಲರೂ ಚಾಚಾ ಎಂದು ಕರೆಯುತ್ತಿದ್ದರು. ಮೂವತ್ತು ವರ್ಷ ಅದೇ ತಕ್ಕಡಿಯ ಮುಂದೆ ನಿಂತವರು. ತಕ್ಕಡಿಯ ದಂಡಿಗೆಯನ್ನು ತೂಗುಹಾಕುವ ಕಬ್ಬಿಣದ ಕೊಕ್ಕೆ ಅವರ ಸ್ವಂತದ್ದು. ಬೆಳಿಗ್ಗೆ ಮನೆಯಿಂದ ತಂದು ಸಿಕ್ಕಿಸುವರು, ಸಂಜೆ ಒರೆಸಿ ಒಯ್ಯುವರು. ಮೊದಲನೆಯ ತೂಕಕ್ಕೆ ಒಂದು ಎನ್ನದೆ "ಲಾಭ" ಎಂದು ಅವರು ಕೂಗಿದರೆ ಅರಿವೆ ಅಂಗಡಿಯವರೆಗೆ ಕೇಳುತ್ತಿತ್ತು. ರೈತರು ಹತ್ತಿ ಕೊಡುತ್ತಿದ್ದದ್ದು ಕಾಕಾರ ಅಂಗಡಿಗೆ ಎನ್ನುವುದಕ್ಕಿಂತ ಚಾಚಾರ ಕೈಗೆ.

ನಾನು ಐದನೆಯ ಸಲವೋ ಆರನೆಯ ಸಲವೋ ಗಾದಿಯ ಮೇಲೆ ಕೂತ ಸಂತೆಯ ದಿನ. ಅಂಗಳದಲ್ಲಿ ನಲವತ್ತು ಗಾಡಿಗಳು. ಮಧ್ಯಾಹ್ನದ ನಂತರ ಮೋಡ ಕವಿಯಿತು, ಕಾಲವಲ್ಲದ ಮಳೆ. ಅಂಗಡಿಯ ನಿಯಮದ ಪ್ರಕಾರ ಹತ್ತಿಯನ್ನು ಮೊದಲು ರೈತನ ಕಣ್ಣೆದುರು ತೂಗಬೇಕು, ಆಮೇಲೆ ಒಳಗೆ ಹಾಕಬೇಕು. ತೂಗುತ್ತ ಕೂತರೆ ಅರ್ಧ ಹತ್ತಿ ತೊಯ್ಯುತ್ತದೆ. ತೂಗದೆ ಒಳಗೆ ಹಾಕಿದರೆ, ಯಾರ ಹತ್ತಿ ಎಷ್ಟು ಎಂಬ ಜಗಳಕ್ಕೆ ದಾರಿ.

ನನಗೆ ತೀರ್ಮಾನಿಸಲಾಗಲಿಲ್ಲ. ಎದ್ದೆ. ರಸ್ತೆ ದಾಟಿ ಕಾಕಾರ ಬೆನ್ನ ಹಿಂದೆ ಹೋಗಿ ನಿಂತೆ.

"ಕಾಕಾ, ಮಳಿ ಬರ್ತೈತಿ."

"ಕಾಣಸ್ತೈತಿ."

"ಒಳಗ ಹಾಕಸ್ಲೋ, ತೂಗಸ್ಲೋ?"

ಅವರು ಹೆಬ್ಬೆರಳು ಎತ್ತಿದರು. "ಗಾದಿ ಮ್ಯಾಲೆ ಕುಂತಾರಲ್ಲ, ಅವರನ್ನ ಕೇಳ್ರಿ."

ತಿರುಗಿ ನೋಡಿದರೆ ಗಾದಿ ಖಾಲಿ. ಅಂಗಳದಲ್ಲಿ ಹಮಾಲರು ಆಗಲೇ ಅಂಡಿಗೆಗಳನ್ನು, ಎಂದರೆ ಹತ್ತಿ ತುಂಬಿದ ದೊಡ್ಡ ಚೀಲಗಳನ್ನು, ಹೊತ್ತು ಒಳಗೆ ಓಡುತ್ತಿದ್ದರು. ಚಾಚಾ ತಕ್ಕಡಿ ಬಿಟ್ಟು ನಡುವೆ ನಿಂತು, ಒಬ್ಬೊಬ್ಬರ ಅಂಡಿಗೆಗೂ ಇದ್ದಿಲಿನಿಂದ ಒಂದೊಂದು ಗುರುತು ಹಾಕುತ್ತ, "ನಿಂದ ಮೂಲ್ಯಾಗ, ನಿಂದ ಕಂಬದ ಹತ್ತರ" ಎಂದು ಕೂಗುತ್ತಿದ್ದರು. ರೈತರೇ ಹೆಗಲು ಕೊಟ್ಟಿದ್ದರು. ಕೆಲಸ ಸರಿಯಾಗಿಯೇ ನಡೆದಿತ್ತು.

ನಾನು ಏನೆಂದೆ ಎಂಬುದರಲ್ಲಿ ನೆನಪಿಗೂ ದಿನಚರಿಗೂ ಭೇದವಿಲ್ಲ. ಎರಡರಲ್ಲೂ ಅದೇ ಮಾತು ಇದೆ.

"ನಿಮಗ ಯಾರ ಹೇಳಿದ್ರು? ತೂಕದವರು ತೂಕ ಮಾಡ್ರಿ. ಯಜಮಾನಕಿ ಮಾಡಬ್ಯಾಡ್ರಿ."

ನಲವತ್ತು ಗಾಡಿಗಳವರ ಎದುರು ಅಂದೆ. ಚಾಚಾ ಕೈಯಲ್ಲಿದ್ದ ಇದ್ದಿಲ ಚೂರನ್ನು ಕೆಳಗೆ ಹಾಕಲಿಲ್ಲ, ಕೊನೆಯ ಅಂಡಿಗೆ ಒಳಗೆ ಹೋಗುವವರೆಗೂ ಗುರುತು ಹಾಕಿದರು. ಆಮೇಲೆ ತಕ್ಕಡಿಯಿಂದ ಕೊಕ್ಕೆ ಬಿಚ್ಚಿ, ಪಂಚೆಯ ತುದಿಯಿಂದ ಒರೆಸಿ, ಮನೆಗೆ ಒಯ್ಯದೆ ನನ್ನ ಮುಂದೆ ಗಾದಿಯ ಮೇಲೆ ಇಟ್ಟರು. ಮಳೆಯಲ್ಲಿಯೇ ಹೊರಟುಹೋದರು.

ಹಮಾಲರಲ್ಲೊಬ್ಬ, "ಇನ್ನ ಬಿ.ಎ. ಸಾಹೇಬರ ತೂಗ್ತಾರೇಳ್ರಪ್ಪಾ, ಪುಸ್ತಕದಾಗ ಬರದಿರತೈತಿ" ಎಂದ. ಯಾರೂ ನಗಲಿಲ್ಲ. ರೈತರು ತಮ್ಮತಮ್ಮಲ್ಲೇ ಮಾತಾಡಿಕೊಂಡು ಒಬ್ಬ ಹಿರಿಯನನ್ನು ಮುಂದೆ ಮಾಡಿದರು.

"ನೋಡ್ರಿ, ಮಾಲು ಒಳಗ ಇರಲಿ. ಮುಂದಿನ ಸಂತೀಗೆ ಬರ್ತೇವಿ. ಚಾಚಾ ತೂಗಿದ್ರ ತೂಗಸ್ತೇವಿ. ಇಲ್ಲಾಂದ್ರ ಹೇರಿಕೊಂಡು ಬ್ಯಾರೆ ಅಂಗಡಿಗೆ ಹೊಕ್ಕೇವಿ."

ಕಾಕಾ ಅಷ್ಟೂ ಹೊತ್ತು ಬೆನ್ನು ತಿರುಗಿಸಿಯೇ ಕೂತಿದ್ದರು. ಸಂಜೆ ಮನೆಯಲ್ಲಿ ಊಟಕ್ಕೆ ಕೂತಾಗ ಅವರು ಹತ್ತಿಯ ಮಾತೇ ಎತ್ತಲಿಲ್ಲ. ನಾನೇ ಎತ್ತಿದೆ. ನೀವು ಒಂದು ಮಾತು ಹೇಳಿದರೆ ಚಾಚಾ ಬರುತ್ತಾರೆ ಎಂದೆ.

"ಬೈದವರು ನೀವು" ಎಂದರು. ಸಂತೆಯ ದಿನ ಮುಗಿದಿದ್ದರೂ ಬಹುವಚನ ಬಿಟ್ಟಿರಲಿಲ್ಲ. "ವಾರ ಐತಿ. ನಿಮ್ಮ ಅಪ್ಪಗ ನಾ ಬರಿಯೂದೂ ಮುಂದಿನ ವಾರನ."

ಮರುದಿನ ಬೆಳಿಗ್ಗೆ ಚಾಚಾರ ಮನೆಗೆ ಹೋದೆ. ಅವರು ಅಂಗಳದಲ್ಲಿ ಕೂತು ಮಂಚದ ಹುರಿ ಬಿಗಿಯುತ್ತಿದ್ದರು. ಸಿಟ್ಟಿನ ಲಕ್ಷಣ ಕಾಣಲಿಲ್ಲ. ಬರ್ರಿ, ಕುಂದರ್ರಿ ಎಂದು ಹುರಿಯ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟರು. ನಾನು ಅದನ್ನು ಹಿಡಿದುಕೊಂಡೇ ಹೇಳಿದೆ.

"ಚಾಚಾ, ನಿನ್ನೆ ನಾ ಅಂದದ್ದು ತಪ್ಪಾತು."

"ಜಗ್ಗರಿ, ಸಡ್ಲ ಬಿಡಬ್ಯಾಡ್ರಿ." ಅವರು ಗಂಟು ಹಾಕಿದರು. "ಬೈದದ್ದು ಬಾಜಾರದಾಗ. ತಪ್ಪಾತು ಅನ್ನೂದು ಮನ್ಯಾಗೇನ್ರಿ?"

"ಹಂಗಾದ್ರ?"

"ಹಂಗಾದ್ರ ಏನಿಲ್ಲ. ಮಂಚ ಬಿಗೀ ಆತು. ಚಾ ಕುಡದು ಹೋಗ್ರಿ."

ಆ ವಾರ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ ಎಂದು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ದಿನಚರಿಯಲ್ಲಿ ಎರಡು ದಿನ ಬರೀ ನೆಗಡಿಯ ವಿಷಯವಿದೆ, ಒಂದು ದಿನ ಹಾನಗಲ್ಲಿನ ಶಾಲೆಯ ನೌಕರಿಗೆ ಅರ್ಜಿ ಬರೆದು ಹರಿದು ಹಾಕಿದ್ದು. ಒಂದು ಪುಟದಲ್ಲಿ ಸಂತೆಯಲ್ಲಿ ಹೇಳಬೇಕಾದ ಮಾತನ್ನು ಆರು ರೀತಿಯಲ್ಲಿ ಬರೆದು ಹೊಡೆದುಹಾಕಿದ್ದೇನೆ. ಆರನೆಯದು ಸ್ವಲ್ಪ ಕಾಣುತ್ತದೆ. ಅದರಲ್ಲಿ ತಪ್ಪು ಎಂಬ ಶಬ್ದವಿಲ್ಲ, ಗೈರುತಿಳುವಳಿಕೆ ಎಂದಿದೆ.

ಸಂತೆಯ ದಿನ ಬಂತು. ಗಾಡಿಗಳು ಬಂದವು. ಕಾಕಾ ಎದುರಿನ ಕಟ್ಟೆಯ ಮೇಲೆ ಬೆನ್ನು ಮಾಡಿ ಕೂತರು. ಚಾಚಾ ಬಂದು ಅಂಗಳದ ಅಂಚಿನಲ್ಲಿ ನಿಂತರು, ಒಳಗೆ ಬರಲಿಲ್ಲ. ನನ್ನ ನೆನಪು ಹೀಗಿದೆ: ನಾನು ಕೊಕ್ಕೆಯನ್ನು ತೆಗೆದುಕೊಂಡು ಗಾದಿಯಿಂದ ಇಳಿದು, ಗಾಡಿಗಳ ನಡುವೆ ಹೋಗಿ, ಎಲ್ಲರಿಗೂ ಕೇಳುವಂತೆ, "ಚಾಚಾ, ಅವತ್ತ ನಿಮಗ ಅಂದದ್ದು ತಪ್ಪಾತು, ನೀವು ಮಾಡಿದ್ದ ಬರೋಬರಿ" ಎಂದೆ. ಅಂಗಳ ಸುಮ್ಮನಾಯಿತು. ಚಾಚಾ ಕೊಕ್ಕೆ ತೆಗೆದುಕೊಂಡರು. ಸ್ವಲ್ಪ ಹೊತ್ತಿಗೆ "ಲಾಭ" ಎಂಬ ಕೂಗು ಕೇಳಿತು.

ಅಂದಿನ ದಿನಚರಿಯಲ್ಲಿ ಇರುವುದಿಷ್ಟು: "ತೂಕದವರು ಬಂದರು. ಹಿಂದಿನ ವಾರದ್ದೂ ಸೇರಿ ಎಲ್ಲ ತೂಕವಾಯಿತು. ಗಂಟಲು ನೋವು."

ಗಂಟಲು ನೋವನ್ನು ನಾನು ಬಹಳ ದಿನ ಸಾಕ್ಷಿಯೆಂದು ಇಟ್ಟುಕೊಂಡಿದ್ದೆ. ಅಷ್ಟು ಜೋರಾಗಿ ಕೂಗಿ ಹೇಳಿದ್ದಕ್ಕೇ ನೋವು ಎಂದು. ಆದರೆ ನೆಗಡಿ ಅದಕ್ಕೂ ಮೊದಲೇ ಇತ್ತಲ್ಲ.

ಅದೇ ವಾರ ಕಾಕಾ ತಂದೆಗೆ ಪತ್ರ ಬರೆದರು. ಅದು ಈಗಲೂ ನಮ್ಮ ಪೆಟ್ಟಿಗೆಯಲ್ಲಿದೆ. ನಾಲ್ಕು ಸಾಲು. ಹುಡುಗ ದೊಡ್ಡ ತಪ್ಪು ಮಾಡಿದ; ನಾಲ್ಕು ಜನರ ಎದುರು ಅದನ್ನು ಒಪ್ಪಿಕೊಂಡಿದ್ದನ್ನು ನನ್ನ ಕಿವಿಯಿಂದ ಕೇಳಿದ್ದೇನೆ; ಗಾದಿ ಕೊಡಲು ಅಡ್ಡಿಯಿಲ್ಲ. ನಾಲ್ಕನೆಯ ಸಾಲು ಎಲೆಯ ಬಗ್ಗೆ: ಕಳಿಸಿದ ಕಟ್ಟು ಚಲೋ ಇತ್ತು, ಇನ್ನೊಂದು ಕಳಿಸಿರಿ. ನಾನು ಊರಿಗೆ ಮರಳಿದ ದಿನ ತಂದೆ ಪತ್ರವನ್ನು ಭಾವನಿಗೆ ಓದಲು ಕೊಟ್ಟರು. ಭಾವ ಓದಿ ಮಡಚಿ ಹಿಂದಕ್ಕೆ ಕೊಟ್ಟು, ಬುಟ್ಟಿ ಬಿಚ್ಚಲು ಹಿತ್ತಿಲಿಗೆ ಹೋದರು. ಇದನ್ನು ನಾನು ನೋಡಿದ್ದೇನೆ.

ಈ ಕಥೆಯನ್ನು ನಾನು ಮೊದಲು ಹೇಳಿದ್ದು ಯಾರಿಗೆ ಎಂದು ನೆನಪಿಲ್ಲ. ನಮ್ಮ ಅಂಗಡಿಗೂ ಬೇರೆ ಊರಿನವರು ತಮ್ಮ ಮಕ್ಕಳನ್ನು ಕಲಿಯಲು ಕಳಿಸತೊಡಗಿದ ಮೇಲೆ ವರ್ಷಕ್ಕೊಮ್ಮೆಯಾದರೂ ಹೇಳಿದ್ದೇನೆ. ಸಹಕಾರಿ ಸೊಸೈಟಿಗಳ ಸೆಕ್ರೆಟರಿಗಳ ಒಂದು ಸಭೆಯಲ್ಲಿ ಎದ್ದು ನಿಂತು ಹೇಳಿದ್ದೂ ಇದೆ. ಜನ ಚಪ್ಪಾಳೆ ತಟ್ಟಿದರು. ಹಿರಿಯ ಸ್ಥಾನದಲ್ಲಿ ಕೂಡುವವನು ಬಾಜಾರದಲ್ಲಿ ಮಾಡಿದ ತಪ್ಪನ್ನು ಬಾಜಾರದಲ್ಲೇ ಒಪ್ಪಬೇಕು ಎಂದು ಆ ದಿನ ಕೊನೆಗೆ ಸೇರಿಸಿದೆ. ಅದು ಚಾಚಾರ ಮಾತೆಂದು ಹೇಳಿದೆನೋ ಇಲ್ಲವೋ.

ಈಗ ಯುದ್ಧ ನಡೆದಿದೆ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲ ಗ್ಯಾಸಿನ ಮೇಲೆ ಓಡುತ್ತವೆ, ಏರು ಬಂದರೆ ನಿಲ್ಲುತ್ತವೆ. ಅಂಥ ಒಂದು ಬಸ್ಸಿನಿಂದ ಹೋದ ತಿಂಗಳು ಚಾಚಾ ಸವಣೂರಿನಲ್ಲಿ ಇಳಿದರು. ಅವರ ಮೊಮ್ಮಗಳನ್ನು ಇಲ್ಲಿಯ ಮನೆಯೊಂದಕ್ಕೆ ಕೊಟ್ಟಿದೆಯಂತೆ. ತೂಕ ಬಿಟ್ಟು ಮೂರು ವರ್ಷವಾಯಿತಂತೆ. ಕಾಕಾ ಹೋದ ವರ್ಷ ತೀರಿಕೊಂಡಿದ್ದರು. ನಾನು ಅಂಗಡಿಯ ಕಟ್ಟೆಯ ಮೇಲೆ ಚಾಪೆ ಹಾಸಿ ಕೂಡಿಸಿ, ಒಳ್ಳೆಯ ಎಲೆ ಆರಿಸಿ ಕೊಟ್ಟೆ. ಎಲೆ ತಂದ ತೋಟದವರು ಬುಟ್ಟಿ ಇಟ್ಟುಕೊಂಡು ಸುತ್ತ ಕೂತಿದ್ದರು. ಅವರಿಗೆ ಚಾಚಾರನ್ನು ಪರಿಚಯಿಸುವ ನೆಪದಲ್ಲಿ ನಾನು ಆ ಕಥೆಯನ್ನು ಶುರು ಮಾಡಿದೆ. ಗಾಡಿಗಳ ನಡುವೆ ನಿಂತು ಹೇಳಿದ ಮಾತಿಗೆ ಬಂದಾಗ ಚಾಚಾ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದರು.

"ಎಲ್ಲಿ ಅಂದ್ರಿ?" ಎಂದರು. "ನೀವು ಏನೂ ಅನ್ನಲಿಲ್ಲ."

"ಅಂದೆ ಚಾಚಾ."

"ಬಾಯಿ ತಗದ್ರಿ, ಖರೆ. ಅಷ್ಟರಾಗ ಯಾವನೋ ಗಾಡಿ ಹಿಂದಕ್ಕ ಬಿಟ್ಟ, ಎಲ್ಲಾರೂ ಹೋ ಅಂದ್ರು. ನೀವು ಕೊಕ್ಕಿ ನನ್ನ ಕೈಯಾಗ ಕೊಟ್ಟು ಹೊಳ್ಳಿ ಹ್ವಾದ್ರಿ."

"ಕಾಕಾ ತಮ್ಮ ಕಿವಿಲೆ ಕೇಳೇನಿ ಅಂತ ಬರದಾರ. ಪತ್ರ ಐತಿ."

ಚಾಚಾ ನಕ್ಕರು. "ಅವರಿಗೆ ಆಚಿ ಕಡೆ ಹೆಂಗ ಕೇಳಸ್ತಿತ್ರಿ? ನಲವತ್ತ ಗಾಡಿ, ಎಂಬತ್ತ ಎತ್ತು, ಎಲ್ಲಾಕ್ಕೂ ಕೊಳ್ಳಾಗ ಗಂಟಿ. ಎದುರಿಗೆ ನಿಂತ ನನಗ ಕೇಳಸಲಿಲ್ಲ."

"ಹಂಗಾದ್ರ ನೀವು ಯಾಕ ತೂಗಿದ್ರಿ?"

"ಕಾಕಾರು ನಮ್ಮ ಮನಿಗೆ ಬಂದಿದ್ರಲ್ಲ. ಆ ವಾರದಾಗ ಮೂರ ಸಲ ಬಂದ್ರು. ನಿಮಗ ಗೊತ್ತಿಲ್ಲೇನು?"

ನನಗೆ ಗೊತ್ತಿರಲಿಲ್ಲ. ಏನು ಹೇಳಿದರು ಎಂದು ಕೇಳಿದೆ.

"ಎರಡ ಸಲ ಏನೂ ಹೇಳಲಿಲ್ಲ. ಕುಂತ್ರು, ಮಳಿ ಮಾತಾಡಿದ್ರು, ಎದ್ದು ಹ್ವಾದ್ರು. ಮೂರನೇ ಸಲ ಹೇಳಿದ್ರು: ಸಂತೀಗೆ ಬಾ. ಅವ ಅಂದ್ರೂ ತೂಗು, ಅನ್ನದಿದ್ರೂ ತೂಗು. ಗಾಡಿಯವರದು ಏನ ತಪ್ಪೈತಿ. ಅಂದಾನೋ ಇಲ್ಲೋ, ಅದನ್ನ ನಾ ನೋಡ್ಕೋತೇನಿ ಅಂದ್ರು."

"ಮತ್ತ ಅಂದಾನ ಅಂತ ಯಾಕ ಬರದ್ರು?"

"ಅದನ್ನ ಅವರನ್ನ ಕೇಳಬೇಕಾಗಿತ್ತು. ನೀವು ಹತ್ತ ವರ್ಷ ಕೇಳಲಿಲ್ಲ, ಅವರು ಹ್ವಾದ್ರು."

ಕಾಕಾ ಸುಳ್ಳು ಬರೆಯುವವರಲ್ಲ. ಚಾಚಾ ಸುಳ್ಳು ತೂಗಿದವರಲ್ಲ. ಅವರ ವಯಸ್ಸು ಎಪ್ಪತ್ತರ ಮೇಲಿದೆ, ಮರೆತಿರಬಹುದು. ಕಾಕಾ ಕೇಳಬೇಕೆಂದಿದ್ದನ್ನು ಕೇಳಿರಬಹುದು. ಇಬ್ಬರೂ ಸರಿ ಎನ್ನುವ ಹಾಗೆ ಆ ಬೆಳಗನ್ನು ಜೋಡಿಸಲು ನಾನು ಈ ತಿಂಗಳೆಲ್ಲ ಪ್ರಯತ್ನಿಸಿದ್ದೇನೆ, ಆಗಿಲ್ಲ.

ಆ ದಿನ ಕಟ್ಟೆಯ ಮೇಲೆಯೇ ನಾನು ಎದ್ದು ನಿಂತು, ತೋಟದವರೆಲ್ಲ ಕೇಳುವಂತೆ, "ಚಾಚಾ, ಅವತ್ತ ನಿಮಗ ಅಂದದ್ದು ತಪ್ಪಾತು" ಎಂದೆ. ಬುಟ್ಟಿಗಳ ಮುಂದೆ ಕೂತವರು ತಲೆಯೆತ್ತಿ ನೋಡಿದರು. ಭಾವನೂ ಒಳಗಿನಿಂದ ಹೊರಗೆ ಬಂದರು.

ಚಾಚಾ ಎಲೆ ಮಡಚಿ ಬಾಯಿಗೆ ಹಾಕಿಕೊಂಡರು. "ಚಲೋ ಅಂದ್ರಿ. ಈ ಸಲ ಕೇಳಿಸ್ತು" ಎಂದರು. "ಆದ್ರ ಇಲ್ಲಿ ನನ್ನ ಗುರ್ತಿನವರು ಯಾರ ಅದಾರ್ರಿ?"

"ಹಿರೇಕೆರೂರಿಗೆ ಬರ್ತೇನಿ. ಸಂತಿ ದಿನ."

"ಬರ್ರಿ. ಬಸ್ಸು ಏರು ಹತ್ತಿದ್ರ."

ಅಂದಿನ ಮಾತುಗಳನ್ನು ಅಂದೇ ಬರೆದಿಟ್ಟಿದ್ದೇನೆ. ಆಮೇಲೆ ಮೂರು ಸಂತೆಗಳು ಹೋದವು. ಇದು ಎಲೆಯ ಕಾಲ, ಅಂಗಡಿ ಬಿಟ್ಟು ಹೋಗುವಂತಿಲ್ಲ ಎಂದು ಮೂರು ಸಲವೂ ದಿನಚರಿಯಲ್ಲಿ ಬರೆದಿದ್ದೇನೆ. ಭಾವ ಇದ್ದಾರೆ, ಒಂದು ದಿನವಲ್ಲ, ಒಂದು ವರ್ಷ ಬೇಕಾದರೂ ನೋಡಿಕೊಳ್ಳಬಲ್ಲರು. ಅದನ್ನೂ ಕೆಳಗೆ ಬರೆದಿದ್ದೇನೆ.